ಟಪಾಲು ಗಾಡಿಯ ಮುಂದಿನ ಸೀಟು

ಮಕ್ಕಳ ಅಪ್ಪನವರಿಗೆ,

ಹೋದವರಿಗೆ ಸಿಟ್ಟಿನಲ್ಲಿ ಬರೆಯಬಾರದಂತೆ. ನಾನು ಬರೆಯುತ್ತೇನೆ. ನೀವು ಬದುಕಿದ್ದಾಗಲೂ ನನ್ನ ಬಾಯಿ ಮುಚ್ಚಿಸಲು ನಿಮ್ಮಿಂದ ಆಗಿತ್ತೇ?

ಕುಮಟೆಯಲ್ಲಿ ನೀವೂ ನಿಮ್ಮ ಗೆಳೆಯ ವಾಮನನೂ ಕಂಪನಿ ತೆರೆದ ದಿನ ನೆನಪಾಗುತ್ತದೆ. ಕಂಪನಿಯಂತೆ! ಒಂದು ತಗಡಿನ ಮಾಡು, ಒಂದು ಜ್ಯಾಕು, ಹುಬ್ಬಳ್ಳಿಯ ಲಿಲಾವಿನಲ್ಲಿ ಬೆಲೆ ಕೂಗಿ ಹಿಡಿದು ತಂದ, ಸರ್ಕಾರಕ್ಕೆ ಬೇಡವಾದ ಕೆಂಪು ಟಪಾಲು ಗಾಡಿ. ಅಂಥ ಗಾಡಿಗಳನ್ನು ತಂದು ಬಿಚ್ಚಿ, ರಿಪೇರಿ ಮಾಡಿ, ನೀಲಿ ಬಣ್ಣ ಬಳಿದು ಮಾರುವುದು. ಮಾರುವ ಮುಂಚೆ ನನ್ನನ್ನೂ ಮಗಳನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊನ್ನಾವರದ ಹೊಳೆ ದಾಟಿಸುವ ತಾರಿಯವರೆಗೆ ಹೋಗಿ ಬರುವುದು ನಿಮ್ಮ ಪದ್ಧತಿ. "ನನ್ನ ಮನೆಯವ್ರು ಕೂತ್ಕಂಡು ಬರದ ಗಾಡಿ ಮಾರೂದಿಲ್ಲ" ಅನ್ನುತ್ತಿದ್ದಿರಿ. ಗಿರಾಕಿಗಳೂ ಬಣ್ಣ ನೋಡುತ್ತಿರಲಿಲ್ಲ, "ಅಮ್ಮೋರು ಕೂತಾತ?" ಎಂದೇ ಕೇಳುತ್ತಿದ್ದರು. ನನಗೋ ದಾರಿಯುದ್ದಕ್ಕೂ ಎಣ್ಣೆಯ ವಾಸನೆ ಸಹಿಸಲಾಗುತ್ತಿರಲಿಲ್ಲ. ಆದರೂ ಹೆಮ್ಮೆಯಿತ್ತು.

ನಾನು ಬಾಣಂತನಕ್ಕೆ ಮುಟ್ಟಳ್ಳಿಯ ತವರಿಗೆ ಹೋಗಿದ್ದಾಗ ಆ ಶಿರಸಿಯ ಗಿರಾಕಿ ಅವಸರ ಮಾಡಿದ. "ಬ್ರೇಕು ನಾನೇ ಹೊಸದು ಹಾಕಿದ್ದೆ, ಟ್ರಯಲ್ ಎಂತಕೆ ಮಾರಾಯಾ?" ಎಂದ ವಾಮನ. ಶೆಡ್ಡಿನವರೆಲ್ಲ ಕೇಳಿದ್ದರು. ನೀವು ನಂಬಿ, ಗಾಡಿ ಮುಟ್ಟಿಸಲು ಒಬ್ಬರೇ ಶಿರಸಿಗೆ ಹೊರಟಿರಿ. ದೇವಿಮನೆ ಘಟ್ಟದ ಇಳುಕಲಿನಲ್ಲಿ ಗಾಡಿ ನಿಲ್ಲಲಿಲ್ಲ... ಕೂಸಿನ ಮುಖವನ್ನಾದರೂ ನೋಡಿ ಹೋಗಬಾರದಿತ್ತೇ?

ನಿಮ್ಮ ತಿಥಿಯ ಊಟದ ಎಲೆಯ ಮುಂದೆ ಕೂತೇ ಅವನು ಹೇಳಿದ: "ಬ್ರೇಕು ಹೊಸದೇ ಆಗಿತ್ತು. ಅವ ಜೋರು ಬಿಟ್ಟ, ಎಂತ ಮಾಡೂದು?" ಜನ ತಲೆಯಾಡಿಸಿದರು. ಎತ್ತಿನ ಗಾಡಿಗೂ ದಾರಿ ಬಿಡುತ್ತಿದ್ದ ನೀವು ಜೋರು ಬಿಟ್ಟಿರಂತೆ! ಸತ್ತವರು ಎದ್ದು ಬಂದು ಸಾಕ್ಷಿ ಹೇಳುತ್ತಾರೆಯೇ? ಮಗಳು ಶಾಲೆಯಲ್ಲಿ ಅದೇ ಮಾತು ಕೇಳಿ ಅಳುತ್ತ ಬಂದಳು. ಕಂಪನಿ ವಾಮನನದಾಯಿತು, ಕೆಟ್ಟ ಹೆಸರು ನಿಮ್ಮದಾಯಿತು.

ಮೊನ್ನೆ ಆ ಭೂಪ ನಮ್ಮ ಮನೆಗೇ ಬಂದ. ಭಟ್ಕಳದ ಜವಳಿ ಅಂಗಡಿಯ ಸಾಹೇಬರು, ಹಿಂದಿನ ಪದ್ಧತಿಯಂತೆ ಅಮ್ಮ ಕೂತು ಬಂದರೆ ಮಾತ್ರ ಗಾಡಿ ಕೊಳ್ಳುತ್ತೇನೆ ಎಂದು ಪಟ್ಟು ಹಿಡಿದಿದ್ದರಂತೆ. "ಅತ್ತಿಗೆ, ಒಂದ್ಸಲ ಕೂತ್ಕಂಡು ಬನ್ನಿ. ಜನಕ್ಕೆ ನಿಮ್ಮ ಮೇಲೆ ನಂಬಿಕೆ." ನಾಚಿಕೆಗೆಟ್ಟವನು! "ಆತು," ಎಂದೆ. "ನಿಮ್ಮ ಹೆಂಡ್ತಿನೂ ನನ್ನ ಪಕ್ಕ ಕೂತ್ಕಳ್ಲಿ."

ಶೆಡ್ಡಿನ ಮುಂದೆ, ಸಾಹೇಬರ ಎದುರಿಗೇ, ಅವನು ಹೆಂಡತಿ ಗಿರಿಜೆಯನ್ನು ಕರೆದ. ಗಾಡಿಯ ಬಾಗಿಲಿಗೆ ಕೈ ಹಾಕಿದವಳು ಹಿಂದೆ ಸರಿದಳು. "ನಾ ಕೂರೂದಿಲ್ಲ. ಇವ್ರ ಯಜಮಾನ್ರ ಗಾಡಿಗೆ ಹಳೇ ಬ್ರೇಕೇ ತೊಳ್ದು ಹಾಕಿದ್ದೆ ಅಂತ ನೀವೇ ಹೇಳಿದ್ರಿ. ಇದ್ಕೆ ಎಂತ ಹಾಕಿದ್ರೋ ಯಾರಿಗೆ ಗೊತ್ತು?"

ಸಾಹೇಬರು ಹೊರಟುಹೋದರು. ನಾನು ಕುಮಟೆ ಪೇಟೆಯ ನಡುವೆಯೇ ಅಳುತ್ತ ಮನೆಗೆ ಬಂದೆ. ಯಾರು ನೋಡಿದರೆ ನನಗೇನು? ಮಗಳನ್ನು ಹತ್ತಿರ ಕೂರಿಸಿಕೊಂಡೆ. "ಅಪ್ಪ ಜೋರು ಬಿಡ್ಲಿಲ್ಲ ಮಗಾ. ಬ್ರೇಕೇ ಹಳೇದಾಗಿತ್ತು."

ಅವಳು ಕೇಳಿದಳು: "ಹಂಗಾರೆ ಅಪ್ಪ ಬ್ರೇಕು ಒತ್ತಿದ್ರು, ಅಲ್ದಾ?"

ಒತ್ತಿದ್ರು ಎಂದೆ. ಕೊನೇವರೆಗೂ ಒತ್ಕಂಡೇ ಇದ್ರು ಎಂದೆ.