ಆ ಮೂರು ದಿನದ ನೀರು

ಹೊಸಕೇರೂರು
ಕ್ರಿ.ಶ. 2168ರ ಕಾರ್ತಿಕ ಮಾಸ

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಶರಣಾರ್ಥಿಗಳು.

ನೀವು ಕೇಳಿರದ ಪದಗಳು ಈ ಕಾಗದದಲ್ಲಿ ಬರುತ್ತವೆ, ಮನ್ನಿಸಬೇಕು. ಕುಡಿಯುವ ನೀರಿನ ಬಾವಿಯ ಸುತ್ತ ಐನೂರು ಹೆಜ್ಜೆ ಜಾಗವನ್ನು ನಾವು ಕಾಪುನೆಲ ಎನ್ನುತ್ತೇವೆ. ಅಲ್ಲಿ ಮನೆ ಕಟ್ಟುವಂತಿಲ್ಲ, ದನ ಕಟ್ಟುವಂತಿಲ್ಲ, ಒಂದು ಚೀಲ ಗೊಬ್ಬರವನ್ನೂ ಇಳಿಸುವಂತಿಲ್ಲ. ದಿನವೂ ಬೆಳಿಗ್ಗೆ ಬಾವಿಯ ನೀರನ್ನು ಪರೀಕ್ಷಿಸಿ ಚೌಕದ ಹಲಗೆಯ ಮೇಲೆ ಅಂಕಿ ಬರೆಯುವವರು ನೀರುಸಾಕ್ಷಿ. ಹತ್ತೊಂಬತ್ತು ವರ್ಷ ಆ ಕೆಲಸ ನನ್ನದಾಗಿತ್ತು. ನಲ್ಲಿ ತಿರುಗಿಸುವ ಮೊದಲು ಜನ ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ನನ್ನ ಕೈಬರಹ ಕಂಡರೆ ಸಾಕು, ಅಂಕಿ ಓದುವ ಗೋಜಿಗೆ ಹೋಗುತ್ತಿರಲಿಲ್ಲ.

ಹೋದ ವರ್ಷ ಊರಿನ ನೀರುಸಭೆಯು ಕಾಪುನೆಲದ ಅಂಚಿನಲ್ಲಿ ಗೊಬ್ಬರದ ಗೋದಾಮಿಗೆ ಜಾಗ ಬಿಟ್ಟುಕೊಟ್ಟಿತು. ಆ ಕಾಗದಕ್ಕೆ ನಾನೂ ಸಹಿ ಹಾಕಿದೆ. ಶ್ರಾವಣದ ಮಳೆಗೆ ಗೋದಾಮಿನ ನೆಲ ಬಿರಿದು ಗೊಬ್ಬರ ಕರಗಿ ಬಾವಿಗೆ ಇಳಿಯಿತು. ಒಂದು ಸೋಮವಾರ ನೀರಿನಲ್ಲಿ ನೈಟ್ರೇಟ್ ಮಿತಿಯ ಮೂರು ಪಟ್ಟು ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಳೆಗೂಸುಗಳ ರಕ್ತಕ್ಕೆ ಮಾತ್ರ ಅದು ವಿಷ.

ನೀರು ನಿಲ್ಲಿಸಲು ಸಭೆಯ ಒಪ್ಪಿಗೆ ಬೇಕಿತ್ತು. ಅಧ್ಯಕ್ಷರಾದ ಚೆನ್ನವೀರ ಮುಧೋಳರ ಬಳಿ ಓಡಿದೆ. ಅವರು ಕೆಟ್ಟವರಲ್ಲ, ಅಂಜಿದ್ದರು.

"ಮಷೀನ್ ತಪ್ಪು ತೋರಿಸಿರ್ತದ. ಮಂದಿ ಗಾಬರಿ ಆಗ್ತಾರ. ಗುರುವಾರ ತನಕ ತಡೀರಿ, ಮತ್ತೊಮ್ಮೆ ನೋಡೂಣು," ಅಂದರು.

ನಾನು ಎರಡು ಸಲ ಪರೀಕ್ಷಿಸಿದ್ದೆ, ಯಂತ್ರ ಸರಿಯಿತ್ತು. ಆದರೂ ಬುಧವಾರದವರೆಗೆ ದಿನವೂ ಹಲಗೆಯ ಮೇಲೆ ಭಾನುವಾರದ ಅಂಕಿಯನ್ನೇ ಬರೆದೆ. ನಮ್ಮ ಮನೆಗೆ ಮಾತ್ರ ಗುಡ್ಡದಾಚೆಯ ಊರಿನಿಂದ ಎರಡು ಕ್ಯಾನ್ ನೀರು ತಂದುಕೊಂಡೆ. ಕೇಳಿದವರಿಗೆ ಹೊಟ್ಟೆ ಸರಿಯಿಲ್ಲ ಎಂದೆ.

ನಮ್ಮ ಓಣಿಯ ಖೈರುನ್ನಿಸಾಗೆ ಆಗ ನಲವತ್ತು ದಿನದ ಹೆಣ್ಣುಕೂಸು. ಬಾಣಂತಿಗೆ ಜ್ವರ ಬಂದು ಹಾಲು ಬತ್ತಿತ್ತು, ಪುಡಿಹಾಲು ಕಲಸಿ ಕುಡಿಸುತ್ತಿದ್ದಳು. ಅದು ನನಗೆ ಗೊತ್ತಿತ್ತು. ಕೂಸಿಗೆಂದು ಆಕೆ ನೀರನ್ನು ಚೆನ್ನಾಗಿ ಕುದಿಸುತ್ತಿದ್ದಳು. ಕುದಿಸಿದಷ್ಟೂ ಈ ವಿಷ ಗಟ್ಟಿಯಾಗುತ್ತದೆ. ಬುಧವಾರ ಮಧ್ಯಾಹ್ನ ಕೂಸಿನ ತುಟಿ ನೀಲಿಗಟ್ಟಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಸುದ್ದಿ ತಿಳಿದ ಕೂಡಲೇ ಯಾರನ್ನೂ ಕೇಳದೆ ವಾಲ್ವ್ ಮುಚ್ಚಿದೆ. ಸೋಮವಾರವೇ ಅಷ್ಟು ಮಾಡಬಹುದಿತ್ತು. ಮರುದಿನ ಊರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ಕ್ಯಾನುಗಳ ವಿಷಯ ಒಂದನ್ನು ಬಿಟ್ಟು. ಖೈರುನ್ನಿಸಾ ಎದ್ದು ನಿಂತಳು.

"ಅಕ್ಕಾರ, ಆ ಮೂರು ದಿನ ನಿಮ್ಮ ಮನ್ಯಾಗ ಯಾವ ನೀರು ಕುಡದ್ರಿ?"

"ಬ್ಯಾರೆ ಊರಿಂದು," ಎಂದೆ.

"ನನಗೂ ಒಂದು ಕೊಡ ಕೊಟ್ಟಿದ್ರ ಸಾಕಿತ್ರಿ," ಎಂದಳು. ದನಿ ಏರಿಸಲಿಲ್ಲ.

ಆಮೇಲೆ ಗೋದಾಮು ಕೆಡವಿದರು. ಕಾಯ್ದೆ ಬದಲಾಯಿತು: ಅಂಕಿ ಮಿತಿ ದಾಟಿದರೆ ನೀರುಸಾಕ್ಷಿಯೇ ವಾಲ್ವ್ ಮುಚ್ಚಬೇಕು, ಯಾರ ಅಪ್ಪಣೆಗೂ ಕಾಯುವಂತಿಲ್ಲ. ನನ್ನನ್ನು ಕೆಲಸದಿಂದ ತೆಗೆದರು, ಅದು ಸರಿಯೇ.

ನಿಮ್ಮಲ್ಲಿ ಒಂದು ಬೇಡಿಕೆ. ನೀರಿನ ಕಾನೂನು ಬರೆಯುವಾಗ ಎಷ್ಟು ವಿಷ ಇರಬಹುದು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಅದು ಹೆಚ್ಚಾದ ದಿನ ವಾಲ್ವ್ ಮುಚ್ಚುವವರು ಯಾರು ಎಂಬುದನ್ನೂ ಬರೆಯಿರಿ. ನನ್ನಂಥ ಅಂಜುಬುರುಕರೂ ಆ ಕುರ್ಚಿಯಲ್ಲಿ ಕೂರುತ್ತಾರೆ ಎಂದುಕೊಂಡೇ ಬರೆಯಿರಿ.

ನಿಮ್ಮ ಕ್ಷಮೆ ಕೇಳುವುದು ಸುಲಭ, ನೀವು ದೂರದಲ್ಲಿದ್ದೀರಿ. ಕೇಳಬೇಕಾದ ಮನೆ ಎರಡೇ ಬಾಗಿಲು ಆಚೆ ಇದೆ. ಅಲ್ಲಿಗೆ ನಾನಿನ್ನೂ ಹೋಗಿಲ್ಲ.

ನೀಲಾಂಬಿಕೆ ಹೂಗಾರ