ಮಜ್ಜಿಗೆ ಪದ್ಮವ್ವನ ಫೋಟೋ

೬ ಫೆಬ್ರುವರಿ ೧೯೧೧. ಸವದತ್ತಿ.

ಪೇಟೆಯ ಬಾಯಿಗೆ ಕ್ಯಾಮೆರಾ ಹೂಡಿದೆ. ಬೆಳಕು ಚೆನ್ನಾಗಿತ್ತು. ಮೊದಲು ಕುಂಬಾರ ಮಾಳಪ್ಪ, ಆಮೇಲೊಬ್ಬ ಸಿಂಪಿಗ. ಸಿಂಪಿಗ ಕೆಮ್ಮಿ ಫೋಟೋದ ಒಂದು ಗಾಜಿನ ಪ್ಲೇಟು ಕೆಡಿಸಿದ.

ಮಾದರಿ ಹಲಗೆಗೆ ಇವತ್ತು ಪದ್ಮವ್ವನ ಫೋಟೋ ಹಚ್ಚಿದೆ. ಹೋದ ತಿಂಗಳು ಕಟಕೋಳದ ಓಣಿಯಲ್ಲಿ ತೆಗೆದದ್ದು. ತಲೆಯ ಮೇಲೆ ಮಜ್ಜಿಗೆ ಗಡಿಗೆ, ಒಂದು ಬದಿಗೆ ತಿರುಗಿಸಿದ ಮುಖದ ತುಂಬ ನಗು. ಇಷ್ಟು ಚಂದದ್ದು ನನ್ನ ಕೈಯಿಂದ ಬಂದೇ ಇಲ್ಲ. ಯಾರಿಗೂ ತೋರಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಆದರೆ ಇಲ್ಲಿ ಅವಳನ್ನು ಬಲ್ಲವರು ಯಾರು?

ಮಧ್ಯಾಹ್ನ ಒಬ್ಬ ಹಲಗೆಯ ಮುಂದೆ ಬಹಳ ಹೊತ್ತು ನಿಂತ. ತಲೆಗೆ ಸುತ್ತಿದ ದೊಡ್ಡ ಪಟಕ, ಮೆತ್ತಗಿನ ಮಾತು.

"ಈ ಹೆಣ್ಮಗಳು ಎಲ್ಲಿ ಸಿಕ್ಕಳ್ರಿ?"

"ಕಟಕೋಳದಾಗರಿ. ಮಜ್ಜಿಗಿ ಮಾರತಾಳ." ಹೆಮ್ಮೆ ನನಗೆ. ಹೇಳಿಬಿಟ್ಟೆ.

"ನನ್ನ ಹೇಣ್ತಿರಿ. ನಾಕು ವರ್ಷಾತು, ಹುಡುಕಾಕ ಹತ್ತೇನಿ."

ಸಂಪಗಾಂವದವನಂತೆ, ಲಗಮಣ್ಣ. ಕಣ್ಣು ಒರೆಸಿಕೊಂಡ. ಪುಣ್ಯದ ಕೆಲಸವಾಯಿತು ಎಂದುಕೊಂಡೆ.

೭ ಫೆಬ್ರುವರಿ, ಮಧ್ಯಾಹ್ನ.

ಲಗಮಣ್ಣ ಮತ್ತೆ ಬಂದ. "ನಂದೂ ಫೋಟೋ ತಗೀರಿ, ನಿಜಗುಣಪ್ಪನವರ. ಆಕಿ ಬಾಜೂಕ ಹಚ್ರಿ."

ಸ್ಟೂಲಿನ ಮೇಲೆ ಕೂರಿಸಿ ಕರಿ ಬಟ್ಟೆಯೊಳಗೆ ಹೊಕ್ಕೆ. ಕ್ಯಾಮೆರಾದ ಹಿಂಬದಿ ಗಾಜಿನಲ್ಲಿ ತಲೆಕೆಳಗಾಗಿ ಕೂತಿದ್ದ. ರೆಪ್ಪೆ ಬಡಿಯಲಿಲ್ಲ. ಪ್ಲೇಟಿಗೆಂದು ಬಗ್ಗಿ ಮತ್ತೆ ನೋಡುತ್ತೇನೆ... ಸ್ಟೂಲು ಖಾಲಿ. ಬಟ್ಟೆಯ ಹೊರಗೆ, ಕಿವಿಗೆ ಹತ್ತಿರವೇ ದನಿ.

"ಆಕಿ ಎಡಗಲ್ಲ ಯಾಕ ತಗೀಲಿಲ್ರಿ?"

"ಆಕಿನ ಬ್ಯಾಡಂದ್ಳು."

"ಹೂಂ. ಅದು ನಾ ಸುಟ್ಟದ್ದರಿ." ಎತ್ತಿಗೆ ಬರೆ ಹಾಕಿದ್ದನ್ನು ಹೇಳುವ ದನಿ. "ತಮ್ಮ ಶಟ್ಟೆಪ್ಪಗ ಹೇಳಿ ಕಳಸೇನಿ. ಅಂವ ಬಂದಕೂಡ್ಲೆ ಹೋಗತೇವಿ. ಒಬ್ಬನ ಕೈಲೆ ಆಗೂದಲ್ಲ. ಕೊಸರತಾಳ."

ಬಟ್ಟೆಯೊಳಗೇ ನಿಂತಿದ್ದೆ. ಅವನು ಹೋದ ಮೇಲೂ.

೮ ಫೆಬ್ರುವರಿ.

ಧರ್ಮಶಾಲೆ ಬಿಟ್ಟು ಹೊರಬೀಳಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ. ಅವಳಿಗೆ ಹೇಳಲು ಕಟಕೋಳಕ್ಕೆ ಹೋದರೆ ನನ್ನ ಮೇಲೂ ಬಂದಾನು. ಹೋಗದಿದ್ದರೆ... ಬೈಲಹೊಂಗಲಕ್ಕೆ ಹೊರಟುಬಿಡಲೇ? ನನಗೇನು?

ಹಲಗೆಯಿಂದ ಫೋಟೋ ಕಿತ್ತೆ. ಈಗ ಕಿತ್ತು ಏನು ಬಂತು.

೧೦ ಫೆಬ್ರುವರಿ. ಕಟಕೋಳ.

ನಿನ್ನೆ ಬಾಡಿಗೆ ಗಾಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ಹಿಂದೆ ಪಟಕ ಕಂಡಾಗಲೆಲ್ಲ ಗಾಡಿಯೊಳಗೆ ಬಗ್ಗಿ ಕೂತೆ.

ಪದ್ಮವ್ವ ಪಡಸಾಲೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಎಲ್ಲ ಹೇಳಿದೆ. ಕಡಗೋಲು ನಿಂತಿತು.

"ಯಾರಿಗೂ ತೋರಸೂದಿಲ್ಲ ಅಂದಿದ್ರಿ."

"ತಪ್ಪಾತು ನಮ್ಮವ್ವಾ. ಗಾಡಿ ಐತಿ. ನಡಿ, ರಾಮದುರ್ಗಕ್ಕ ಬಿಡತೇನಿ."

"ಮೂರು ಊರು ಬಿಟ್ಟೇನ್ರಿ ಅಣ್ಣಾರ. ಇನ್ನ ಓಡೂದಿಲ್ಲ." ಎದ್ದು ನೆರೆಮನೆಯ ಕೆಂಚವ್ವನ ಬಾಗಿಲು ಬಡಿದಳು.

೧೧ ಫೆಬ್ರುವರಿ, ಸಂಜೆ.

ಅಣ್ಣ ತಮ್ಮ ಇಬ್ಬರೂ ಬಂದರು. ಶಟ್ಟೆಪ್ಪನ ಹೆಗಲ ಮೇಲೆ ಹಗ್ಗ. ನಾನು ಗಾಡಿಯ ಮರೆಗೆ ಇದ್ದೆ. ಬರೆಯಲು ನಾಚಿಕೆ. ಕೊನೆಯವರೆಗೂ ಅಲ್ಲೇ ಇದ್ದೆ.

ಜೋಳದ ಕೊಯ್ಲಿನಿಂದ ಆಗಷ್ಟೇ ಬಂದ ಹೆಂಗಸರು, ಹತ್ತು ಹನ್ನೆರಡು ಮಂದಿ, ಪದ್ಮವ್ವನ ಬಾಗಿಲಿಗೆ ಅಡ್ಡ ನಿಂತರು. ಮುಂದೆ ಕೆಂಚವ್ವ. ಕೈಯಲ್ಲಿ ಕುಡುಗೋಲು.

"ನನ್ನ ಹೇಣ್ತಿನ್ನ ಒಯ್ಯಾಕ ಬಂದೇನಿ" ಎಂದ ಲಗಮಣ್ಣ.

ಪದ್ಮವ್ವ ಸೆರಗು ಸರಿಸಿ ಎಡಗೆನ್ನೆ ತೋರಿಸಿದಳು. "ನೋಡ್ರೆವ್ವಾ. ಇಂವನ ಜೋಡಿ ಕಳಸತೀರೇನು?"

ಯಾರೂ ಸರಿಯಲಿಲ್ಲ. ಮೊದಲು ಶಟ್ಟೆಪ್ಪನೇ ಕಾಲು ಹಿಂದಿಟ್ಟ.

ಹೋದರು. ದೂರವಲ್ಲ. ಹಳ್ಳದ ದಂಡೆಗೆ ಕೂತಿದ್ದಾರೆ.

೧೨ ಫೆಬ್ರುವರಿ, ಬೆಳಗ್ಗೆ.

ಹಳ್ಳದ ಹತ್ತಿರ ಯಾರೂ ಇಲ್ಲ. ಎತ್ತ ಹೋದರೋ, ಕಂಡವರಿಲ್ಲ. ಹೆಂಗಸರೆಲ್ಲ ನಸುಕಿನಲ್ಲೇ ಕೊಯ್ಲಿಗೆ ಹೋದರು. ಹಳ್ಳ ದಾಟಿದರೆ ಆ ಹೊಲ. ಅವರಿಗೆ ಮಜ್ಜಿಗೆ ಒಯ್ಯುತ್ತೇನೆ ಎಂದು ಪದ್ಮವ್ವ ಗಡಿಗೆ ತುಂಬಿಕೊಂಡಳು.

"ಇವತ್ತೊಂದಿನ ಬ್ಯಾಡ" ಎಂದೆ.

"ಇವತ್ತ ಅಂಜಿದ್ರ ನಾಳೀನೂ ಅಂಜಬೇಕಾಕ್ಕೇತ್ರಿ."

ಗಾಡಿಯವ ರಾಮದುರ್ಗಕ್ಕೆ ಹೊರಡಲು ಎತ್ತು ಕಟ್ಟಿ ನನ್ನನ್ನು ಕೂಗುತ್ತಿದ್ದಾನೆ. ನನ್ನ ಪೆಟ್ಟಿಗೆ ಇಳಿಸು ಎಂದೆ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಮಾತ್ರ ಕೈಗೆ ತೆಗೆದುಕೊಂಡೆ. ಅದರ ಕಾಲಿಗೆ ಕಬ್ಬಿಣದ ಮೊನೆ ಇದೆ. ಅಕ್ಷರ ಸೊಟ್ಟ. ಅವಳು ಓಣಿ ತಿರುಗಿದಳು. ನಾನೂ—