ರಾಜಧಾನಿಯ ಮೌನ

ಫೆಬ್ರವರಿ ೧೧, ಬುಧವಾರ.

ಈ ಇಂಗ್ಲಿಷಿನವರಿಗೆ ಸರ್ಕಾರ ಅನ್ನೋಕೆ ಏನು ಕಷ್ಟವೋ! ರಾಜಧಾನಿಯ ಹೆಸರು ಹಿಡಿದು, ಅದು ಒಪ್ಪಿತು, ಅದು ಸಿಟ್ಟಾಯಿತು ಅಂತ ಬರೀತಾರೆ. ಆ ಸುದ್ದಿಗಳನ್ನು ನಮ್ಮ ಪತ್ರಿಕೆಗೆ ಅನುವಾದ ಮಾಡುವ ನಾನು ದಿನವಿಡೀ ಊರಿನ ಹೆಸರು ಹೊಡೆದು ಸರ್ಕಾರವನ್ನು ಕೂರಿಸುತ್ತೇನೆ. "ಊರಿಗೆ ಬಾಯಿ ಇದೆಯೇನ್ರೀ? ಆಡಿದವರು ಯಾರು, ಅದನ್ನ ಬರೀರಿ" ಅನ್ನೋದು ನಮ್ಮ ಸಂಪಾದಕರ ಕಟ್ಟಪ್ಪಣೆ.

ಇವತ್ತು ಬಂದದ್ದು ಗಡಿ ಮಾತುಕತೆಯ ಬಗ್ಗೆ ರಾಜಧಾನಿ ಮೌನ ಅನ್ನೋ ಸುದ್ದಿ. ಅದೇ ಊರಿನ ಆಸ್ಪತ್ರೆಗೆ ಅಕ್ಕ ಹೆರಿಗೆಗೆ ಸೇರಿ ಹದಿನೆಂಟು ಗಂಟೆಯಾಗಿತ್ತು, ಭಾವನ ಫೋನಿಲ್ಲ. ಫೋನನ್ನೇ ನೋಡುತ್ತಾ, ಊರಿನ ಹೆಸರನ್ನು ಹಾಗೇ ಬಿಟ್ಟು ಕಳಿಸಿಬಿಟ್ಟೆ.

ಸಂಪಾದಕರು ಹಾಳೆ ಹಿಡಿದು ಧುಮುಗುಡುತ್ತಾ ಬಂದರು. "ಏನ್ರೀ ಇದು, ಊರು ಮೌನ?" ಅನ್ನುವಷ್ಟರಲ್ಲಿ ನನ್ನ ಫೋನು. ಎತ್ತಿದರೆ ಭಾವನ ಮಾತೇ ಕೇಳಿಸದು, ಬರೀ ಕಿವಿಗಡಚಿಕ್ಕುವ ಅಳು! ಅರ್ಧ ಆಫೀಸಿಗೆ ಕೇಳಿಸಿತು. ಆಮೇಲೆ ಭಾವ, "ಹೆಣ್ಣು ಮಗು ಕಣೇ, ಅಕ್ಕ ಆರಾಮಾಗಿದ್ದಾಳೆ" ಅಂದರು. ನಾನೂ ಗೊಳೋ ಅಂತ ಅತ್ತೆ, ನಗುತ್ತಲೇ.

ಸಂಪಾದಕರು ಹಾಳೆಯನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು. "ಪರವಾಗಿಲ್ಲ, ಊರಿಗೆ ಬಾಯಿ ಇದೆ" ಅಂದರು. ಹಾಗಂತ ಬಿಟ್ಟರೇ, ಪುಣ್ಯಾತ್ಮ? ಕಣ್ಣೊರೆಸಿಕೊಂಡ ಕೈಯಲ್ಲೇ ಸರ್ಕಾರ ಅಂತ ತಿದ್ದಿಸಿದರು.

ಸರ್ಕಾರ ಇನ್ನೂ ತುಟಿ ಬಿಚ್ಚಿಲ್ಲ. ಯಾರಿಗೆ ಬೇಕು! ಆ ಊರಿನಿಂದ ಇನ್ನು ನನಗೆ ಬೇಕಾದ ಹೇಳಿಕೆ ಒಂದೇ: ಚಿಕ್ಕಮ್ಮ. ಒಂದೂವರೆ ವರ್ಷ ಬೇಕಾದರೂ ಕಾಯ್ತೀನಿ…